ದಿನದ ದುಡಿಮೆಗೆ ಡೀಸೆಲ್ ಪಿಕಪ್: ಹೈಲಕ್ಸ್, ಡಿ-ಮ್ಯಾಕ್ಸ್, ನವಾರಾ ಮತ್ತು ಒಂದು ಹಳೇ ಗಾಡಿ

ಪಿಕಪ್ ನೋಡೋಕೆ ಹೋದವರು ಮೊದಲು ಕೇಳೋದು ಹಾರ್ಸ್‌ಪವರ್ ಎಷ್ಟು ಅಂತ. ದುಡಿಯುವ ಗಾಡಿಯ ವಿಷಯದಲ್ಲಿ ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ದಿನಾ ಎಷ್ಟು ಭಾರ ಹೇರುತ್ತೀರಿ? ಆ ಭಾರ ಹಿಂದಿನ ಆಕ್ಸಲ್‌ಗೆ ಮುಂದೆ ಕೂರುತ್ತದಾ, ಹಿಂದೆ ಕೂರುತ್ತದಾ? ಒಂದು ಸಲ ಎಂಜಿನ್ ಶುರು ಮಾಡಿದರೆ ಎಷ್ಟು ದೂರ ಓಡುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ನನ್ನದು ಪಂಪು ಕೂರಿಸಿ ಪೈಪು ಜೋಡಿಸುವ ಕೆಲಸ. ಗಾಡಿಯಲ್ಲಿ ಮೋಟಾರು, ಮೂರು ಮೀಟರಿಗೆ ಕತ್ತರಿಸಿದ ಪೈಪು, ಸಿಮೆಂಟ್ ಚೀಲ, ಭಾರದ ಟೂಲ್ ಬಾಕ್ಸ್ ಇರುತ್ತವೆ. ಕೆಲವು ದಿನ ಹಿಂದೆ ಕಂಪ್ರೆಸರ್ ಟ್ರೈಲರ್ ಕೂಡ. ಹೊಸ ಗಾಡಿ ಕೊಳ್ಳುವ ಮುಂಚೆ ನಾಲ್ಕನ್ನು ಇದೇ ಕೆಲಸಕ್ಕೆ ಹಚ್ಚಿ ನೋಡಿದೆ. ಒಂದು, ಸಿಂಗಲ್ ಕ್ಯಾಬ್ (ಒಂದೇ ಸಾಲು ಸೀಟು) ಟೊಯೋಟಾ ಹೈಲಕ್ಸ್, 2.4 ಲೀಟರ್ ಎಂಜಿನ್, 6 ಗೇರಿನ ಮ್ಯಾನ್ಯುವಲ್. ಎರಡು, ಡಬಲ್ ಕ್ಯಾಬ್ (ಎರಡು ಸಾಲು ಸೀಟು) ಇಸುಝು ಡಿ-ಮ್ಯಾಕ್ಸ್ 1.9, ಅದೂ ಮ್ಯಾನ್ಯುವಲ್. ಮೂರು, ಡಬಲ್ ಕ್ಯಾಬ್ ನಿಸ್ಸಾನ್ ನವಾರಾ 2.3, 7 ಗೇರಿನ ಆಟೋಮ್ಯಾಟಿಕ್. ನಾಲ್ಕನೆಯದು ಪರಿಚಯದವರ ಹಳೇ ಗಾಡಿ, ಮೆಕ್ಯಾನಿಕಲ್ ಡೀಸೆಲ್ ಪಂಪಿನ ಕಾಲದ್ದು.

ಮೊದಲು ಎಂಜಿನ್. ಹೈಲಕ್ಸ್ 2.4ಕ್ಕೂ ಡಿ-ಮ್ಯಾಕ್ಸ್ 1.9ಕ್ಕೂ ಶಕ್ತಿ ಒಂದೇ, 150 ಹಾರ್ಸ್‌ಪವರ್. (ಕೆಲವು ದೇಶಗಳಲ್ಲಿ ಇದೇ 1.9 ಎಂಜಿನ್ ಸ್ವಲ್ಪ ಜಾಸ್ತಿ ಶಕ್ತಿಗೆ ಟ್ಯೂನ್ ಆಗಿ ಬರುತ್ತದೆ.) ಕಾಗದದ ಮೇಲೆ ಎರಡೂ ಸಮ ಅನ್ನಿಸುತ್ತದೆ. ಲೋಡ್ ಹಾಕಿ ಏರು ಹತ್ತಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಹೈಲಕ್ಸಿನ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 400 ನ್ಯೂಟನ್ ಮೀಟರ್, ಅದೂ 1600 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ. ಡಿ-ಮ್ಯಾಕ್ಸ್‌ದು 350, 1800ರಿಂದ 2600ರವರೆಗೆ. ಹಾಗಾಗಿ ಹೈಲಕ್ಸ್ ಏರಿನಲ್ಲಿ ಮೂರನೇ ಗೇರಿನಲ್ಲೇ ಗುನುಗುತ್ತಾ ಹತ್ತುತ್ತದೆ. ಡಿ-ಮ್ಯಾಕ್ಸ್‌ನಲ್ಲಿ ಅದೇ ಜಾಗದಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಆದರೆ ಅದರ ಎಳೆತ ಮೇಲಿನವರೆಗೂ ಒಂದೇ ಸಮ ಇರುತ್ತದೆ. ಎರಡಕ್ಕೆ ಇಳಿಸಿದ ಮೇಲೆ ನೆಮ್ಮದಿಯಾಗಿ ಹೋಗುತ್ತದೆ, ತಿಣುಕುವುದಿಲ್ಲ. ಖಾಲಿ ಓಡಿಸುವಾಗ, ಅರ್ಧ ಲೋಡಿನಲ್ಲಿ, ನನಗೆ ಡಿ-ಮ್ಯಾಕ್ಸ್ ಎಂಜಿನ್ನೇ ಜಾಸ್ತಿ ಹಿಡಿಸಿತು. ಹಗುರಾಗಿ ಓಡುತ್ತದೆ, ಡೀಸೆಲ್ ಕೂಡ ಕಡಿಮೆ ಕುಡಿಯಿತು.

ನವಾರಾದ 2.3 ಲೀಟರ್ ಎಂಜಿನ್‌ಗೆ ಎರಡು ಟರ್ಬೊ. 190 ಹಾರ್ಸ್‌ಪವರ್, 450 ನ್ಯೂಟನ್ ಮೀಟರ್. ಟ್ರೈಲರ್ ಕಟ್ಟಿದ ದಿನ ಇದರ ಮುಂದೆ ಬೇರೆ ಯಾವುದೂ ನಿಲ್ಲಲಿಲ್ಲ. ಅದಕ್ಕೆ ಎಂಜಿನ್ನಿಗಿಂತ ಗೇರ್‌ಬಾಕ್ಸ್ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಏರಿನ ಮಧ್ಯೆ ನಿಂತು ಮತ್ತೆ ಹೊರಡುವಾಗ ಮ್ಯಾನ್ಯುವಲ್‌ನಲ್ಲಿ ಕ್ಲಚ್ ಸವೆಯುತ್ತದೆ, ವಾಸನೆಯೇ ಬರುತ್ತದೆ. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಆ ಕೆಲಸವನ್ನು ಎಣ್ಣೆಯ ಮೂಲಕ ಮಾಡುತ್ತದೆ. ಸವೆಯುವ ಪ್ಲೇಟು ನಡುವೆ ಇರುವುದಿಲ್ಲ. ದುಡಿಯುವ ಗಾಡಿಗೆ ಮ್ಯಾನ್ಯುವಲ್ಲೇ ಗಟ್ಟಿ ಅನ್ನುವ ಮಾತು ತುಂಬಾ ಕೇಳಿದ್ದೇನೆ. ಟ್ರೈಲರ್ ಎಳೆಯುವವರಿಗೆ, ನಿಂತು ನಿಂತು ಓಡಿಸುವವರಿಗೆ, ಅದು ಸರಿ ಅನ್ನಿಸುವುದಿಲ್ಲ. ಒಂದೇ ಷರತ್ತು: ಗೇರ್‌ಬಾಕ್ಸ್ ಎಣ್ಣೆ ಬಿಸಿಯಾಗದಂತೆ ಕೂಲರ್ ಇರಬೇಕು, ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕು. "ಜೀವಮಾನಕ್ಕೆ ಒಂದೇ ಎಣ್ಣೆ ಸಾಕು" ಅಂತ ಯಾರು ಹೇಳಿದರೂ ಭಾರ ಎಳೆಯುವವರು ನಂಬಬೇಡಿ.

ಈಗ ನಿಜವಾದ ವಿಷಯಕ್ಕೆ ಬರೋಣ, ಭಾರ. ಈ ಗಾತ್ರದ ಪಿಕಪ್‌ಗಳನ್ನೆಲ್ಲ "ಒಂದು ಟನ್" ಗಾಡಿ ಅಂತ ಮಾರುತ್ತಾರೆ. ಆ ಒಂದು ಟನ್‌ನಲ್ಲಿ ಸಾಮಾನಿಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಗಾಡಿಯ ಗರಿಷ್ಠ ಒಟ್ಟು ತೂಕ 3000 ಕಿಲೋ, ಖಾಲಿ ತೂಕ 2000 ಅಂದುಕೊಳ್ಳಿ. ಉಳಿದದ್ದು 1000. ಮೂರು ಜನ ಕೂತರೆ 240 ಹೋಯಿತು. ಹಿಂದೆ ಮುಚ್ಚಿಗೆ ಹಾಕಿಸಿದರೆ 90. ಟೂಲ್ ಬಾಕ್ಸ್ 150. ಟ್ರೈಲರ್ ಕೊಕ್ಕೆ 40. ಒಂದೂವರೆ ಟನ್ ಟ್ರೈಲರ್ ಕಟ್ಟಿದರೆ ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ 150 ಕಿಲೋ, ಕೊಕ್ಕೆಯ ಮೇಲೆ ಕೂರುತ್ತದೆ. ಕೊನೆಗೆ ಉಳಿಯುವುದು 330 ಕಿಲೋ. 50 ಕಿಲೋ ಸಿಮೆಂಟ್ ಚೀಲ ಆರು ಹಾಕಿದರೆ ಮುಗಿಯಿತು! ಷೋರೂಮಿನಲ್ಲಿ ಈ ಲೆಕ್ಕ ಯಾರೂ ಹಾಕಿ ತೋರಿಸುವುದಿಲ್ಲ. ಬಾಗಿಲಿನ ಹತ್ತಿರದ ಪ್ಲೇಟಿನಲ್ಲಿ ಒಟ್ಟು ತೂಕದ ಜೊತೆ ಎರಡೂ ಆಕ್ಸಲ್‌ಗಳ ಮಿತಿ ಬರೆದಿರುತ್ತದೆ. ಹಿಂದಿನ ಆಕ್ಸಲ್ ಮಿತಿಯನ್ನು ತಪ್ಪದೇ ಓದಿ. ಎಷ್ಟೋ ಸಲ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರುತ್ತದೆ.

ಯಾಕೆ ಮೀರುತ್ತದೆ? ಇಲ್ಲೇ ಸಿಂಗಲ್ ಕ್ಯಾಬ್ ಮತ್ತು ಡಬಲ್ ಕ್ಯಾಬ್ ಬೇರೆಯಾಗುವುದು. ಸಿಂಗಲ್ ಕ್ಯಾಬ್ ಹೈಲಕ್ಸಿನ ಹಿಂದಿನ ತೊಟ್ಟಿ ಸುಮಾರು 2.3 ಮೀಟರ್ ಉದ್ದ. ಡಬಲ್ ಕ್ಯಾಬ್‌ಗಳದ್ದು ಸುಮಾರು 1.5 ಮೀಟರ್. ಉದ್ದನೆಯ ತೊಟ್ಟಿಯಲ್ಲಿ ಭಾರದ ಸಾಮಾನನ್ನು ಕ್ಯಾಬಿನ್ನಿಗೆ ಒತ್ತಿ ಇಟ್ಟರೆ ಅದು ಆಕ್ಸಲ್‌ಗಿಂತ ಮುಂದೆ ಕೂರುತ್ತದೆ. ಭಾರ ನಾಲ್ಕೂ ಚಕ್ರಕ್ಕೆ ಹಂಚಿಕೆಯಾಗುತ್ತದೆ. ಡಬಲ್ ಕ್ಯಾಬ್‌ನಲ್ಲಿ ತೊಟ್ಟಿಯೇ ಹಿಂದಕ್ಕೆ ಸರಿದಿರುವುದರಿಂದ ಭಾರದ ದೊಡ್ಡ ಪಾಲು ಆಕ್ಸಲ್ ಮೇಲೆ, ಇಲ್ಲವೇ ಅದರ ಹಿಂದೆ ಬೀಳುತ್ತದೆ. ಆಗ ಗಾಡಿಯ ಮೂತಿ ಎದ್ದು ನಿಲ್ಲುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಮುಂದಿನ ಟೈರಿನ ಹಿಡಿತ ಕಡಿಮೆಯಾಗಿ ಬ್ರೇಕಿನ ಮೇಲಿನ ನಂಬಿಕೆಯೂ ಇಳಿಯುತ್ತದೆ. ಅದೇ ಮೋಟಾರು, ಅದೇ ಪೈಪು, ಅದೇ ರಸ್ತೆ. ಆದರೂ ಹೈಲಕ್ಸ್ ಸಿಂಗಲ್ ಕ್ಯಾಬ್ ನೆಲಕ್ಕೆ ಅಂಟಿಕೊಂಡು ಹೋಯಿತು. ಡಬಲ್ ಕ್ಯಾಬ್ ಎರಡರಲ್ಲೂ ನಾನು ವೇಗ ಇಳಿಸಿ ಓಡಿಸಿದೆ.

ಸ್ಪ್ರಿಂಗ್ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ಹೈಲಕ್ಸ್ ಮತ್ತು ಡಿ-ಮ್ಯಾಕ್ಸ್ ಹಿಂದುಗಡೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ. ನವಾರಾ ಡಬಲ್ ಕ್ಯಾಬ್‌ಗೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಖಾಲಿ ಇರುವಾಗ ನವಾರಾದಲ್ಲಿ ಕೂತರೆ ಕಾರಿನಲ್ಲಿ ಕೂತಷ್ಟೇ ಹಿತ. ಹಿಂದೆ ಕೂತ ಹುಡುಗರು ಇಳಿಯುವಾಗ ಸೊಂಟ ಹಿಡಿದುಕೊಳ್ಳಲಿಲ್ಲ. ಖಾಲಿ ಹೈಲಕ್ಸ್ ಗುಂಡಿ ರಸ್ತೆಯಲ್ಲಿ ಕುಣಿಯುತ್ತದೆ, ಒದ್ದೆ ತಿರುವಿನಲ್ಲಿ ಹಿಂಭಾಗ ಸ್ವಲ್ಪ ಜಾರುತ್ತದೆ. ಲೋಡ್ ಬಿದ್ದ ಕೂಡಲೇ ಕಥೆ ಬದಲಾಗುತ್ತದೆ. ಲೀಫ್ ಸ್ಪ್ರಿಂಗ್ ಭಾರ ಬಿದ್ದಷ್ಟೂ ಗಟ್ಟಿಯಾಗಿ ನಿಲ್ಲುತ್ತದೆ, ಆ ಭಾರವನ್ನು ತನ್ನ ಎರಡೂ ತುದಿಯ ಮೂಲಕ ಚಾಸಿಗೆ ಹಂಚಿ ಹಾಕುತ್ತದೆ. ಕೆಲವರು ಹಿಂಭಾಗ ಇಳಿಯಿತು ಅಂತ ಸ್ಪ್ರಿಂಗಿನ ಜೊತೆ ಗಾಳಿ ಚೀಲ ಹಾಕಿಸುತ್ತಾರೆ. ಎತ್ತರ ಸರಿಹೋಗುತ್ತದೆ, ನಿಜ. ಆದರೆ ಚೀಲ ಹೊರುವ ಭಾರ ಚಾಸಿಯ ಒಂದೇ ಬಿಂದುವಿಗೆ ಬೀಳುತ್ತದೆ. ಅದರ ಮೇಲೆ ಮಿತಿಮೀರಿದ ಲೋಡ್, ಹಿಂದೊಂದು ಟ್ರೈಲರ್, ಗುಂಡಿ ರಸ್ತೆ ಸೇರಿದರೆ ಚಾಸಿಯೇ ಬಾಗಬಹುದು. ಗಾಳಿ ಚೀಲ ಹಾಕಿಸಿದ್ದರಿಂದ ಗಾಡಿ ಹೊರುವ ಮಿತಿ ಒಂದು ಕಿಲೋ ಕೂಡ ಏರುವುದಿಲ್ಲ.

ಇನ್ನೊಂದು ಮಾತು, ತೊಟ್ಟಿಯ ಎತ್ತರ. ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿ ಸಾಮಾನ್ಯವಾಗಿ ನೆಲದಿಂದ ಎತ್ತರ. ದಿನಾ ಕೈಯಲ್ಲೇ ಚೀಲ ಎತ್ತಿ ಹಾಕುವವರಿಗೆ ಆ ಒಂದು ಗೇಣು ಜಾಸ್ತಿ ಎತ್ತರ ಬೆನ್ನಿಗೆ ಗೊತ್ತಾಗುತ್ತದೆ. ಕೆಸರು, ಗದ್ದೆ ದಾರಿ ಇಲ್ಲದವರು ಎರಡೇ ಚಕ್ರಕ್ಕೆ ಎಳೆತ ಇರುವ ತಗ್ಗು ಗಾಡಿ ತೆಗೆದುಕೊಳ್ಳಿ. ತೂಕವೂ ಕಡಿಮೆ, ಅಷ್ಟು ಜಾಸ್ತಿ ಸಾಮಾನು ಹೇರಬಹುದು. ಈ ಪಿಕಪ್‌ಗಳಲ್ಲಿ ಬರುವ ಸಾದಾ ಫೋರ್ ವೀಲ್ ಡ್ರೈವನ್ನು ಒಣ ಟಾರ್ ರಸ್ತೆಯಲ್ಲಿ ಹಾಕಿ ಓಡಿಸುವಂತೆಯೂ ಇಲ್ಲ. ಮುಂದಿನ, ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ಸುತ್ತಬೇಕು. ನಡುವೆ ಆ ವ್ಯತ್ಯಾಸಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ ಇಲ್ಲದ ಕಾರಣ ಇಡೀ ವ್ಯವಸ್ಥೆ ಬಿಗಿದುಕೊಳ್ಳುತ್ತದೆ.

ಪಕ್ಕದ ಗೋಡೆ ತೆರೆಯದ ತೊಟ್ಟಿಯೋ, ಮೂರು ಕಡೆ ಬಾಗಿಲು ತೆರೆಯುವ ಚಪ್ಪಟೆ ಟ್ರೇನೋ? ನನಗೆ ಟ್ರೇ. ತೊಟ್ಟಿಯ ಒಳಗೆ ಚಕ್ರದ ಉಬ್ಬುಗಳು ಜಾಗ ತಿನ್ನುತ್ತವೆ, ಟ್ರೇನಲ್ಲಿ ಅದಿಲ್ಲ. ಪಕ್ಕದಿಂದಲೇ ಸಾಮಾನು ಇಳಿಸಬಹುದು.

ಹಳೇ ಗಾಡಿಯ ಬಗ್ಗೆ ಪ್ರೀತಿಯಿಂದಲೇ ಬರೆಯಬೇಕು. ಅದರ ಎಂಜಿನ್ ಕೋಣೆಯಲ್ಲಿ ಕೈ ಆಡಿಸಲು ಜಾಗ ಇದೆ. ಸೆನ್ಸರುಗಳ ಗೊಡವೆ ಇಲ್ಲ. ಡೀಸೆಲ್ ಬಂದು, ಗಾಳಿ ಸಿಕ್ಕರೆ ಓಡುತ್ತದೆ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಒತ್ತಡ 2000 ಬಾರ್ ಹತ್ತಿರ ಇರುತ್ತದೆ. ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಒಳಗಿನ ಸಂದು ಕೆಲವೇ ಮೈಕ್ರಾನ್. ಡೀಸೆಲ್‌ನಲ್ಲಿ ಸ್ವಲ್ಪ ನೀರು ಸೇರಿದರೂ ನಾಲ್ಕು ಇಂಜೆಕ್ಟರ್ ಒಟ್ಟಿಗೆ ಹಾಳಾಗಬಹುದು. ಹಳೇ ಪಂಪು ಅಷ್ಟು ನಾಜೂಕಲ್ಲ. ಆದರೆ ಲೋಡ್ ಹಾಕಿ ಏರು ಹತ್ತಿಸಿದರೆ ಹಿಂದೆ ಕಪ್ಪು ಹೊಗೆ, ಹಿಂದಿನವರ ಹಾರನ್. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹುಡುಗರನ್ನು ಕೂರಿಸಿಕೊಂಡು ದಿನಾ ಓಡಾಡುವ ನನಗೆ ಆ ಒಂದು ಕಾರಣ ಸಾಕಾಯಿತು. ಒಬ್ಬರೇ, ಹತ್ತಿರದ ಹೊಲ ಗದ್ದೆಗೆ ಓಡಿಸುವವರಿಗೆ ಇದು ಈಗಲೂ ಒಳ್ಳೆಯ ಗಾಡಿಯೇ. ಕೊಳ್ಳುವುದಾದರೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಶುರು ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ಜೋರಾಗಿ ಹೊಗೆ ಒದ್ದುಕೊಂಡು ಬಂದರೆ ಪಿಸ್ಟನ್ ರಿಂಗ್ ಮುಗಿದಿದೆ. ಆಮೇಲೆ ಕೆಳಗೆ ಮಲಗಿ, ಸ್ಪ್ರಿಂಗ್ ಕಟ್ಟಿರುವ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯಾ, ವೆಲ್ಡಿಂಗ್ ಗುರುತು ಇದೆಯಾ ನೋಡಿ.

ಹೊಸ ಡೀಸೆಲ್ ಕೊಳ್ಳುವವರು ಒಂದು ವಿಷಯವನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ, ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್. ಅದರಲ್ಲಿ ಸೇರಿದ ಮಸಿಯನ್ನು ಎಂಜಿನ್ ತಾನೇ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಹಾಕಬೇಕು. ಅದಕ್ಕೆ ನಿಲ್ಲದೆ ಸ್ವಲ್ಪ ಹೊತ್ತು ವೇಗವಾಗಿ ಓಡಬೇಕು. ಈ ನಾಲ್ಕರಲ್ಲಿ ಇಲ್ಲದ, ಹಿಂದೆ ನಾನು ದುಡಿಸಿದ ಇನ್ನೊಂದು ಗಾಡಿಯಲ್ಲಿ ಈ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಆಗ ನನ್ನ ಓಡಾಟ ಎರಡು ಮೂರು ಕಿಲೋಮೀಟರಿನದು, ಆಮೇಲೆ ಎಂಜಿನ್ ಬಂದ್. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಅದಕ್ಕೆಂದು ಸಿಂಪಡಿಸಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತಿತ್ತು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿತ್ತು. ಆಯಿಲ್ ಏರಿದರೆ ಖುಷಿಪಡಬೇಡಿ, ತೆಳುವಾದ ಆಯಿಲ್ ಬೇರಿಂಗನ್ನು ತಿನ್ನುತ್ತದೆ. ಆ ಗಾಡಿಯನ್ನು ನನಗೆ ಮಾರುವಾಗ ನನ್ನ ಓಡಾಟದ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ಇವತ್ತಿಗೂ ನನಗೆ ಅದರ ಬೇಸರ ಇದೆ. ನಿಮ್ಮ ಓಡಾಟವೆಲ್ಲ ಇಂಥದ್ದೇ ಆದರೆ, ವಾರದಲ್ಲಿ ಒಂದು ಉದ್ದದ ಓಟವೂ ಇಲ್ಲದಿದ್ದರೆ, ಡೀಸೆಲ್ ಬೇಕಾ ಅಂತ ಮತ್ತೊಮ್ಮೆ ಯೋಚಿಸಿ. ಫಿಲ್ಟರ್ ಸುಡುವುದನ್ನು ಕೈಯಾರೆ ಶುರು ಮಾಡುವ ಸ್ವಿಚ್ ಇರುವ ಗಾಡಿ ಸಿಕ್ಕರೆ ಅದನ್ನೇ ಆರಿಸಿ. ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ) ಬೇಡುವ ಗಾಡಿಯಾದರೆ ಅದಕ್ಕೂ ಒಂದು ಕ್ಯಾನ್ ಇಟ್ಟುಕೊಳ್ಳಿ. ಡೀಸೆಲ್ ಟ್ಯಾಂಕಿಗೆ ಮಾತ್ರ ಅದನ್ನು ಅಪ್ಪಿತಪ್ಪಿಯೂ ಸುರಿಯಬೇಡಿ.

ನನ್ನ ಆಯ್ಕೆ ಹೈಲಕ್ಸ್ ಸಿಂಗಲ್ ಕ್ಯಾಬ್, ಚಪ್ಪಟೆ ಟ್ರೇ ಹಾಕಿಸಿದ್ದು. ಈಗ ನನ್ನ ಓಡಾಟವೂ ಉದ್ದವಾಗಿದೆ, ಹಾಗಾಗಿ ಫಿಲ್ಟರ್ ಚಿಂತೆ ಕಡಿಮೆ. ದಿನಾ ನಾಲ್ಕು ಜನ ಕೂರಬೇಕು, ಸಾಮಾನು ಕಡಿಮೆ ಅನ್ನುವವರಿಗೆ ಡಿ-ಮ್ಯಾಕ್ಸ್ ಡಬಲ್ ಕ್ಯಾಬ್ ಹೇಳುತ್ತೇನೆ. ಟ್ರೈಲರ್ ಎಳೆಯುವುದೇ ಮುಖ್ಯ ಕೆಲಸ, ಸಂಜೆ ಅದರಲ್ಲೇ ಮನೆಯವರನ್ನೂ ಕರೆದುಕೊಂಡು ಹೋಗಬೇಕು ಅಂದರೆ ನವಾರಾ. ಸಿಂಗಲ್ ಕ್ಯಾಬ್, ಡಬಲ್ ಕ್ಯಾಬ್ ಎರಡರ ನಡುವಿನ ಎಕ್ಸ್‌ಟ್ರಾ ಕ್ಯಾಬ್ ಅಂತ ಒಂದು ಬರುತ್ತದೆ, ತೊಟ್ಟಿ ಸುಮಾರು 1.8 ಮೀಟರ್. ಸೀಟಿನ ಹಿಂದೆ ಟೂಲ್ ಬೀಗ ಹಾಕಿ ಇಡಬೇಕಾದವರು ಅದನ್ನು ನೋಡಲೇಬೇಕು.

ಟೆಸ್ಟ್ ಡ್ರೈವ್‌ಗೆ ಹೋಗುವಾಗ ನಿಮ್ಮ ದಿನದ ಲೋಡನ್ನೇ ತೆಗೆದುಕೊಂಡು ಹೋಗಿ, ಹೇರಿಸಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಖಾಲಿ ಗಾಡಿ ಮಾತ್ರ ಕೊಡುತ್ತೇವೆ ಅಂದರೆ ಬೇರೆ ಷೋರೂಮ್ ನೋಡಿಕೊಳ್ಳಿ. ಹಾಗೇ ಟೈರಿನ ಪಕ್ಕದ ಲೋಡ್ ಸಂಖ್ಯೆ ಓದಿ: 112 ಅಂತ ಇದ್ದರೆ ಒಂದು ಟೈರು 1120 ಕಿಲೋ ಹೊರುತ್ತದೆ. ಮುಂದೆ ಟೈರ್ ಬದಲಾಯಿಸುವಾಗ ಆ ಸಂಖ್ಯೆಗಿಂತ ಕಡಿಮೆಯದನ್ನು, ಎಷ್ಟೇ ಚೆಂದ ಕಂಡರೂ, ಹಾಕಿಸಬೇಡಿ.