ಕರುಣಾಶ್ರಯ: ಅಪ್ಪ ಮತ್ತೆ ನಿದ್ದೆ ಮಾಡಿದ ಜಾಗ

"ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂತ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೇಳಿ ಕಳಿಸಿದರು. ಅಪ್ಪನ ಬಾಯಿ ಕ್ಯಾನ್ಸರ್ ಕುತ್ತಿಗೆಗೆ ಹರಡಿತ್ತು. ನೋವಿಗೆ ಮಲಗಲಾಗದೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂರುತ್ತಿದ್ದರು.

ಬೆಂಗಳೂರಿನ ಮಾರತಹಳ್ಳಿ ಹತ್ತಿರ ಇರುವ ಕರುಣಾಶ್ರಯದ ಬಗ್ಗೆ ಹೇಳಿದ್ದು ಪಕ್ಕದ ಮನೆಯವರು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಉಚಿತ ಆರೈಕೆ. "ಸಾಯೋಕೆ ಬಿಟ್ಟು ಬರ್ತೀಯಾ?" ಅಂತ ಅಮ್ಮ ಅತ್ತರು. ನನಗೂ ಅದೇ ಭಯ ಇತ್ತು.

ಕೊನೆಗೆ ಅಲ್ಲಿಗೇ ಸೇರಿಸಿದೆವು. ಅಲ್ಲಿನವರು ಮೊದಲು ನೋವನ್ನು ಹತೋಟಿಗೆ ತಂದರು. ನಾಲ್ಕು ಗಂಟೆಗೊಮ್ಮೆ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ, ಅದರಿಂದ ಮಲಬದ್ಧತೆ ಆಗದಿರಲು ಇನ್ನೊಂದು ಔಷಧಿ. ಮಾರ್ಫಿನ್ ಅಂದ್ರೆ ಚಟ ಹತ್ತುತ್ತೆ ಅಂತ ನಾವು ಹೆದರಿದ್ದೆವು. ನೋವಿಗೆ ತಕ್ಕಷ್ಟು ಅಳತೆ ಮಾಡಿ ಕೊಟ್ಟರೆ ಹಾಗಾಗುವುದು ತೀರಾ ಅಪರೂಪ ಅಂತ ಡಾಕ್ಟರ್ ಕೂತು ವಿವರಿಸಿದರು.

ನಾನು ಮರೆಯದಿರೋದು ಕ್ಯಾನ್ಸರ್‌ನಿಂದ ಆದ ಗಾಯದ ಡ್ರೆಸಿಂಗ್. ವಾಸನೆಗೆ ನಾವೇ ಮುಖ ತಿರುಗಿಸುತ್ತಿದ್ದೆವು, ಅಪ್ಪನಿಗೆ ಅದು ಗೊತ್ತಾಗುತ್ತಿತ್ತು. ನರ್ಸ್ ಮುಖ ಒಂದಿಷ್ಟೂ ಕಿವುಚದೆ, ಗಾಯಕ್ಕೆ ಕಟ್ಟಿದ್ದ ಹಳೇ ಬಟ್ಟೆಯನ್ನು ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿದರು. ವಾಸನೆ ತರುವ ಸೋಂಕನ್ನು ತಗ್ಗಿಸುವ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಿದರು. ಕೆಲವೇ ದಿನದಲ್ಲಿ ವಾಸನೆ ಇಳಿಯಿತು. ಮೊಮ್ಮಗಳು ಹತ್ತಿರ ಬಂದು ಕೂತಳು. ಅಪ್ಪ ಅವಳ ಜಡೆ ಹಿಡಿದುಕೊಂಡೇ ನಿದ್ದೆ ಹೋದರು.

ಮಧ್ಯದಲ್ಲಿ ಕೊಳ, ಸುತ್ತ ಹಸಿರು. ಆಸ್ಪತ್ರೆ ಅನ್ನಿಸೋದೇ ಇಲ್ಲ.

ಮನೆಗೇ ಬಂದು ನೋಡುವ ತಂಡವೂ ಇವರಲ್ಲಿದೆ, ಆಗ ನಮಗೆ ಗೊತ್ತಿರಲಿಲ್ಲ. ಕೊನೆ ವಾರದವರೆಗೂ ಕಾಯಬೇಡಿ, ನೋವು ಶುರುವಾದಾಗಲೇ ಫೋನ್ ಮಾಡಿ. ನಾವು ಎರಡು ತಿಂಗಳು ಸುಮ್ನೆ ಕಳೆದೆವು. ಆ ಎರಡು ತಿಂಗಳೂ ಅಪ್ಪ ಗೋಡೆಗೆ ಒರಗಿಯೇ ಕೂತಿದ್ದರು.