91, 95, 98: ದಿನಬಳಕೆಯ ಕಾರಿಗೆ ಯಾವ ಪೆಟ್ರೋಲ್?

ತೀರ್ಪು ಮೊದಲೇ ಹೇಳಿಬಿಡೋಣ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಸಾಮಾನ್ಯ ಎಂಜಿನ್‌ಗೆ ಕಂಪನಿ 91 ಸಾಕು ಅಂದಿದ್ದರೆ 91 ಸಾಕು. ಅದಕ್ಕಿಂತ ಮೇಲಿನದು ಹಾಕಿದರೆ ಹಗುರಾಗುವುದು ಜೇಬು ಮಾತ್ರ. ಚಿಕ್ಕ ಟರ್ಬೊ ಎಂಜಿನ್‌ಗೆ 95 ಹಾಕಿದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ, ಅದೂ ಬಿಸಿಲಿನಲ್ಲಿ, ಏರಿನಲ್ಲಿ. 98 ಮತ್ತು 100 ಬೇಕಾಗುವುದು ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಆ ಅಂಕಿಯೇ ಬರೆದಿರುವ ಕಾರಿಗೆ.

ಇಲ್ಲಿನ ಅಂಕಿಗಳೆಲ್ಲ ಪೆಟ್ರೋಲಿನ ಆಕ್ಟೇನ್ ಅಂಕಿಗಳು, ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಲೆಕ್ಕದವು. ಅಮೆರಿಕದ ಬಂಕುಗಳಲ್ಲಿ ಕಾಣುವ 87, 91, 93 ಬೇರೆ ಲೆಕ್ಕ. ಅದು ಆರ್‌ಒಎನ್ ಮತ್ತು ಎಂಒಎನ್ (ಮೋಟರ್ ಆಕ್ಟೇನ್ ನಂಬರ್) ಎರಡರ ಸರಾಸರಿ, ಹೆಸರು ಎಕೆಐ (ಆ್ಯಂಟಿ ನಾಕ್ ಇಂಡೆಕ್ಸ್). ಎಂಒಎನ್ ಪರೀಕ್ಷೆಯಲ್ಲಿ ಎಂಜಿನ್ ಆರ್‌ಒಎನ್ ಪರೀಕ್ಷೆಯ 600ರ ಬದಲು 900 ಆರ್‌ಪಿಎಂನಲ್ಲಿ ಓಡುತ್ತದೆ, ಒಳಹೋಗುವ ಮಿಶ್ರಣವನ್ನೂ ಕಾಯಿಸಿರುತ್ತಾರೆ. ಆದ್ದರಿಂದ ಅದೇ ಪೆಟ್ರೋಲ್‌ಗೆ ಸಾಮಾನ್ಯವಾಗಿ 8ರಿಂದ 10 ಅಂಕ ಕಡಿಮೆ ಬೀಳುತ್ತದೆ. ಎಕೆಐ 87 ಅಂದರೆ ಹೆಚ್ಚೂಕಡಿಮೆ ಆರ್‌ಒಎನ್ 91-92. ಎಕೆಐ 91 ಅಂದರೆ 95-96. ಎಕೆಐ 93 ಅಂದರೆ 97-98. ಅಮೆರಿಕದ ವಿಡಿಯೊ ನೋಡಿ ‘ನನ್ನ ಕಾರಿಗೆ 87 ಸಾಕಂತೆ’ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಆಕ್ಟೇನ್ ಶಕ್ತಿಯ ಅಳತೆ ಅಲ್ಲ. ಸಿಲಿಂಡರಿನಲ್ಲಿ ಒತ್ತಡ, ಬಿಸಿ ಏರಿದಾಗ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ. ಹಾಗೆ ತಾನಾಗಿ ಹೊತ್ತಿಕೊಳ್ಳುವುದಕ್ಕೆ ನಾಕ್ ಎನ್ನುತ್ತಾರೆ. ಐಸೊಆಕ್ಟೇನ್‌ಗೆ 100, ನಾರ್ಮಲ್ ಹೆಪ್ಟೇನ್‌ಗೆ 0 ಎಂದು ಇಟ್ಟುಕೊಂಡಿದ್ದಾರೆ. 95 ಎಂದರೆ, ಇವೆರಡನ್ನು 95ಕ್ಕೆ 5ರಂತೆ ಬೆರೆಸಿದರೆ ಎಷ್ಟು ತಡೆಯುತ್ತದೋ ಅಷ್ಟು ತಡೆಯುವ ಪೆಟ್ರೋಲ್. ಒಂದು ಲೀಟರ್ 91ರಲ್ಲೂ ಒಂದು ಲೀಟರ್ 98ರಲ್ಲೂ ಇರುವ ಶಾಖ ಬಹುತೇಕ ಒಂದೇ. ಎಥನಾಲ್ ಬೆರೆತರೆ ಲೆಕ್ಕ ತಿರುವುಮುರುವಾಗುತ್ತದೆ: ಅದರ ಆರ್‌ಒಎನ್ 108ರ ಆಸುಪಾಸು, ಆದರೆ ಲೀಟರಿಗೆ ಸಿಗುವ ಶಾಖ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶೇ. 10 ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಶಾಖ ಶೇ. 3-4ರಷ್ಟು ಇಳಿಯುವುದು ಇದಕ್ಕೇ. ಎರಡು ಗ್ರೇಡ್ ಹೋಲಿಸುವಾಗ ಎರಡರಲ್ಲೂ ಎಥನಾಲ್ ಪ್ರಮಾಣ ಒಂದೇ ಇದೆಯೇ ಎಂದು ನೋಡದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

ಹೋಲಿಸುವುದು ಹೇಗೆ

‘ಪಿಕಪ್ ಚೆನ್ನಾಗಾಯ್ತು’ ಅನ್ನುವ ಅನಿಸಿಕೆಯನ್ನು ನಂಬಬಾರದು. ದುಬಾರಿ ಪೆಟ್ರೋಲ್ ಹಾಕಿಸಿದವರಿಗೆಲ್ಲ ಪಿಕಪ್ ಚೆನ್ನಾಗಿಯೇ ಇರುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ) ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲ್ ಆ್ಯಪ್‌ನಲ್ಲಿ ಇಗ್ನಿಶನ್ ಟೈಮಿಂಗ್ (ಕಿಡಿ ಎಷ್ಟು ಡಿಗ್ರಿ ಮೊದಲೇ ಹಾರುತ್ತದೆ ಎಂಬುದು), ಇನ್‌ಟೇಕ್ ಗಾಳಿಯ ಉಷ್ಣಾಂಶ, ಆರ್‌ಪಿಎಂ, ಎಂಜಿನ್ ಲೋಡ್ ಈ ನಾಲ್ಕನ್ನು ರೆಕಾರ್ಡ್ ಮಾಡಬೇಕು. ನಾಕ್‌ನಿಂದಾಗಿ ಟೈಮಿಂಗ್ ಎಷ್ಟು ಡಿಗ್ರಿ ಹಿಂದಕ್ಕೆ ಹೋಯಿತು ಎಂಬ ನೇರ ಅಂಕಿ ಎಲ್ಲ ಕಾರಿನಲ್ಲೂ ಸಿಗುವುದಿಲ್ಲ. ಟೈಮಿಂಗ್ ಗ್ರಾಫ್ ಸಾಕು.

ಟ್ಯಾಂಕ್ ಎಂಟನೇ ಒಂದಂಶಕ್ಕೆ ಇಳಿದ ಮೇಲೆ ಹೊಸ ಗ್ರೇಡ್ ತುಂಬಿಸಿ. ಆ ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ: ಹಳೆಯದು ಬೆರೆತಿರುತ್ತದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೂಡ ಹಳೆಯ ಪೆಟ್ರೋಲಿಗೆ ಕಲಿತದ್ದನ್ನು ಮರೆಯಲು ಸಮಯ ಕೇಳುತ್ತದೆ. ಎರಡನೇ ಟ್ಯಾಂಕಿನಲ್ಲಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ಇರುವ ಅದೇ ಏರುರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2000ದಿಂದ 4000 ಆರ್‌ಪಿಎಂವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗದ ಮಿತಿ ದಾಟುವಂತಿದ್ದರೆ ಎರಡನೇ ಗೇರ್ ಸಾಕು. ಇನ್‌ಟೇಕ್ ಗಾಳಿಯ ಬಿಸಿ ಎರಡು ಓಟಗಳ ನಡುವೆ 5 ಡಿಗ್ರಿಗಿಂತ ಹೆಚ್ಚು ಬೇರೆ ಇದ್ದರೆ ಆ ಜೋಡಿಯನ್ನು ಕೈಬಿಡಿ.

ಮೈಲೇಜ್ ಅಳತೆ ಇದಕ್ಕಿಂತ ಮೋಸದ್ದು. ಪೆಟ್ರೋಲ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.1ರಷ್ಟು ಹಿಗ್ಗುತ್ತದೆ, ಅಂದರೆ 10 ಡಿಗ್ರಿ ವ್ಯತ್ಯಾಸಕ್ಕೇ ಶೇ. 1. ಅದರ ಮೇಲೆ ಟೈರಿನ ಗಾಳಿ, ಎಸಿ, ಟ್ರಾಫಿಕ್, ಎದುರುಗಾಳಿ. ಅದೇ ಪಂಪಿನಲ್ಲಿ, ನಾಜಲ್ ಮೊದಲ ಸಲ ಟಕ್ ಎಂದಾಗ ನಿಲ್ಲಿಸಿ ಲೆಕ್ಕ ಹಾಕಿದರೂ ಶೇ. 3ರ ಒಳಗಿನ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಒಂದೇ ಟ್ಯಾಂಕಿನ ಮೈಲೇಜ್ ಏನನ್ನೂ ಸಾಬೀತು ಮಾಡುವುದಿಲ್ಲ.

ಟರ್ಬೊ ಇಲ್ಲದ ಎಂಜಿನ್: 91 ಎದುರು 95

1.2 ಲೀಟರ್ ಆಸುಪಾಸಿನ, ಪೋರ್ಟ್ ಇಂಜೆಕ್ಷನ್ (ಪೆಟ್ರೋಲನ್ನು ಇನ್‌ಟೇಕ್ ವಾಲ್ವಿನ ಹಿಂದೆ ಸಿಂಪಡಿಸುವ ವ್ಯವಸ್ಥೆ) ಇರುವ, 91ಕ್ಕೆಂದೇ ಹೊಂದಿಸಿದ ಎಂಜಿನ್‌ಗಳಲ್ಲಿ ಎರಡೂ ಗ್ರೇಡಿನ ಟೈಮಿಂಗ್ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಯಾವುದು ಯಾವುದು ಎಂದು ಹೇಳಲಾಗದು. ಕಾರಣ ಸರಳ. 91ರಲ್ಲೇ ನಾಕ್ ಇಲ್ಲ, ಇಸಿಯು ತನ್ನ ನಕ್ಷೆಯ (ಕಂಪನಿ ಬರೆದಿಟ್ಟ ಟೈಮಿಂಗ್ ಪಟ್ಟಿಯ) ಕೊನೆಯ ಡಿಗ್ರಿವರೆಗೂ ಕಿಡಿಯನ್ನು ಮುಂದಕ್ಕೆ ತಂದಿದೆ. 95 ಕೊಟ್ಟರೆ ಇನ್ನೂ ಮುಂದಕ್ಕೆ ಹೋಗಲು ನಕ್ಷೆಯಲ್ಲಿ ಜಾಗವೇ ಇಲ್ಲ. ಮೈಲೇಜೂ ಹಾಗೇ, ಅಳತೆಯ ದೋಷದೊಳಗೇ ಕಳೆದುಹೋಗುತ್ತದೆ.

ಕಂಪ್ರೆಶನ್ ರೇಷಿಯೊ (ಸಿಲಿಂಡರ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ನೋಡಿ ಗ್ರೇಡ್ ಊಹಿಸುವ ಹಳೆಯ ಸೂತ್ರ ಈಗ ಕೆಲಸಕ್ಕೆ ಬಾರದು. ಮಜ್ದಾದ ಸ್ಕೈಆ್ಯಕ್ಟಿವ್ ಎಂಜಿನ್ 14:1 ರೇಷಿಯೊ ಇಟ್ಟುಕೊಂಡು 95ರಲ್ಲಿ ಓಡುತ್ತದೆ. ಅಮೆರಿಕಕ್ಕೆ ಅದನ್ನೇ 13:1ಕ್ಕೆ ಇಳಿಸಿ ಎಕೆಐ 87ಕ್ಕೆ ಒಗ್ಗಿಸಿದ್ದರು. ಸಿಲಿಂಡರಿನೊಳಗೇ ಸಿಂಪಡಿಸುವ ಪೆಟ್ರೋಲ್ ಆವಿಯಾಗುತ್ತಾ ಮಿಶ್ರಣವನ್ನು ತಣ್ಣಗಾಗಿಸುತ್ತದೆ, ವಾಲ್ವ್ ಟೈಮಿಂಗ್‌ನಿಂದ ನಿಜವಾದ ಒತ್ತಡವನ್ನು ತಗ್ಗಿಸಬಹುದು. ಹಾಗಾಗಿ ರೇಷಿಯೊ ಬದಿಗಿಟ್ಟು ಮುಚ್ಚಳದ ಮೇಲಿನ ಅಂಕಿ ನೋಡಿ.

ಚಿಕ್ಕ ಟರ್ಬೊ: ಇಲ್ಲಿ 95 ಗೆಲ್ಲುತ್ತದೆ

1.0 ಅಥವಾ 1.2 ಲೀಟರಿನ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಸಿಂಪಡಿಸುವ) ಟರ್ಬೊಗಳ ಕಥೆ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಸಿಲಿಂಡರಿನ ಒತ್ತಡ ಸದಾ ನಾಕ್‌ನ ಅಂಚಿನಲ್ಲೇ ಇರುತ್ತದೆ. ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ ನಾಕ್ ಸೆನ್ಸರ್ 6-7 ಕಿಲೋಹರ್ಟ್ಸ್ ಆಸುಪಾಸಿನ ಕಂಪನ ಹಿಡಿದ ಕೂಡಲೇ ಇಸಿಯು ಆ ಸಿಲಿಂಡರಿನ ಕಿಡಿಯನ್ನು ಕೆಲವು ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ಕಿತ್ತುಕೊಳ್ಳುವುದು ಒಂದೇ ಏಟಿಗೆ, ಮರಳಿಸುವುದು ಚೂರುಚೂರಾಗಿ.

ತಂಪಾದ ಮುಂಜಾನೆ, ಸಮತಟ್ಟು ರಸ್ತೆ, ಅರ್ಧ ಆಕ್ಸಿಲರೇಟರ್: ಇಲ್ಲಿ 91, 95 ಎರಡೂ ಸಮ. ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ನಿಂತು ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಕಾದಿರುವಾಗ, ಎಸಿ ಹಾಕಿಕೊಂಡು, ನಾಲ್ಕು ಜನರನ್ನು ಕೂರಿಸಿಕೊಂಡು ಏರು ಹತ್ತಿದರೆ 91ರ ಗ್ರಾಫ್ ಹಲ್ಲುಹಲ್ಲಾಗಿ ಕೆಳಗಿಳಿಯುತ್ತದೆ, 95ರದ್ದು ನಯವಾಗಿ ಏರುತ್ತದೆ. ಟೈಮಿಂಗ್ ಹಿಂದಕ್ಕೆ ಹೋದಾಗ ಉರಿಯ ಒಂದಿಷ್ಟು ಪಾಲು ಪಿಸ್ಟನ್ ತಳ್ಳುವ ಬದಲು ಹೊಗೆಯ ಜೊತೆ ಹೊರಹೋಗುತ್ತದೆ. ಎಕ್ಸಾಸ್ಟ್ ಬಿಸಿಯಾಗುತ್ತದೆ, ಅದನ್ನು ತಣಿಸಲು ಇಸಿಯು ಪೆಟ್ರೋಲ್ ಇನ್ನಷ್ಟು ಸುರಿಯಬಹುದು. ಕಾಲಿಗೆ ಗೊತ್ತಾಗುವುದು ಇದೇ ಸೊರಗುವಿಕೆ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2017ರಲ್ಲಿ, ಪ್ರೀಮಿಯಂ ‘ಶಿಫಾರಸು’ ಮಾಡಿದ ಕಾರುಗಳನ್ನು ರೆಗ್ಯುಲರ್ ಮತ್ತು ಪ್ರೀಮಿಯಂ ಎರಡರಲ್ಲೂ ಓಡಿಸಿ ನೋಡಿತ್ತು. ಪ್ರೀಮಿಯಂನಲ್ಲಿ ಸರಾಸರಿ ಮೈಲೇಜ್ ಶೇ. 2.7, ಶಕ್ತಿ ಶೇ. 1.4 ಏರಿತು. ಏರಿಕೆ ನಿಜ, ಆದರೆ ದೊಡ್ಡದಲ್ಲ.

ದುಡ್ಡಿನ ಲೆಕ್ಕ ಯಾರೂ ಮಾಡಬಹುದು. ದರ ಶೇ. 10 ಹೆಚ್ಚಾದರೆ ಮೈಲೇಜೂ ಶೇ. 10 ಏರಬೇಕು, ಲೀಟರಿಗೆ 15 ಕಿ.ಮೀ. ಕೊಡುವ ಕಾರು 16.5 ಕೊಡಬೇಕು. ಆಕ್ಟೇನ್ ಒಂದರಿಂದಲೇ ಅಷ್ಟು ಏರುವುದಿಲ್ಲ. ಟರ್ಬೊಗೆ 95 ಹಾಕುವುದು ಎಂಜಿನ್ ಬಿಸಿಲಿನಲ್ಲೂ ಸೊರಗದಿರಲಿ ಎಂದು. ಉಳಿತಾಯಕ್ಕೆಂದು ಹಾಕುವವರಿಗೆ ನಿರಾಶೆ ಕಾದಿದೆ.

ಟರ್ಬೊ ಇರುವವರಿಗೆ ಇನ್ನೊಂದು ಮಾತು. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದಾಗ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಎಲ್‌ಎಸ್‌ಪಿಐ ಎಂಬ ತೊಂದರೆ ಇದೆ, ಪಿಸ್ಟನ್ ಒಡೆಯುವಷ್ಟು ಬಲ ಅದಕ್ಕಿದೆ. ಅದಕ್ಕೆ 98 ಹಾಕುವುದು ಮದ್ದಲ್ಲ. ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂಬ ದರ್ಜೆ ಇರುವ ಎಂಜಿನ್ ಆಯಿಲ್ ಹಾಕಿ, 1500 ಆರ್‌ಪಿಎಂನಲ್ಲಿ ಐದನೇ ಗೇರಿನಲ್ಲೇ ಎಳೆಸದೆ ಒಂದು ಗೇರ್ ಇಳಿಸಿ.

98, 100

ಮುಚ್ಚಳದಲ್ಲಿ ‘ಕನಿಷ್ಠ 95, ಶಿಫಾರಸು 98’ ಎಂದಿದ್ದರೆ ಕಂಪನಿ ಹೇಳುವ ಪೂರ್ತಿ ಶಕ್ತಿ 98ರಲ್ಲಿ ಸಿಗುತ್ತದೆ ಎಂದರ್ಥ. 95ರಲ್ಲಿ ಎಂಜಿನ್ ಹಾಳಾಗದು. ‘ಕನಿಷ್ಠ 98’ ಎಂದಿದ್ದರೆ ಚೌಕಾಸಿ ಇಲ್ಲ, ಹಾಕಲೇಬೇಕು. ಬರೀ 95 ಎಂದಿರುವ ಕಾರಿಗೆ 100 ತುಂಬಿಸುವುದು ವ್ಯರ್ಥ. ಎಂಜಿನ್ ಕ್ಲೀನ್ ಆಗುತ್ತದೆ ಎಂಬ ವಾದವೂ ಇದೆ, ಆದರೆ ಆ ಕೆಲಸ ಡಿಟರ್ಜೆಂಟ್ ಸೇರ್ಪಡೆಯದು. ಕೆಲವು ಕಂಪನಿಗಳು ಮೇಲಿನ ಗ್ರೇಡಿಗೆ ಅದನ್ನು ಹೆಚ್ಚು ಬೆರೆಸುತ್ತವೆ ನಿಜ. ಅದಕ್ಕೂ ಆಕ್ಟೇನ್‌ಗೂ ಸಂಬಂಧವಿಲ್ಲ, ಮತ್ತು ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಬೆನ್ನಿಗೆ ತಾಗುವುದೇ ಇಲ್ಲ.

ಬೆರಕೆ ಮತ್ತು ಬಾಟಲಿ

95 ಸಿಗದ ಕಡೆ 20 ಲೀಟರ್ 91ಕ್ಕೆ 20 ಲೀಟರ್ 98 ಸೇರಿಸಿದರೆ ಸುಮಾರು 94.5 ಆಗುತ್ತದೆ. ಬೆರಕೆ ಟ್ಯಾಂಕಿನೊಳಗೇ ಆಗಿಬಿಡುತ್ತದೆ, ಅಲುಗಾಡಿಸಬೇಕಿಲ್ಲ. ಇದು ಆಕ್ಟೇನ್ ಬೂಸ್ಟರ್ ಬಾಟಲಿಗಿಂತ ಎಷ್ಟೋ ಮೇಲು. ಬಾಟಲಿಯ ಮೇಲೆ ‘3 ಪಾಯಿಂಟ್ ಏರಿಕೆ’ ಎಂದಿದ್ದರೆ ಎಷ್ಟೋ ಸಲ ಆ ಪಾಯಿಂಟ್ ಅಂದರೆ ಹತ್ತನೇ ಒಂದು ಅಂಕ. 91 ಹೋಗಿ 91.3 ಆಯಿತು, ಅಷ್ಟೆ. ನಿಜಕ್ಕೂ ಏರಿಸುವ ಬಾಟಲಿಗಳಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತ ಇರುತ್ತದೆ. ಅದು ಸ್ಪಾರ್ಕ್ ಪ್ಲಗ್‌ನ ಬಿಳಿ ಪಿಂಗಾಣಿ ಮೂತಿಯ ಮೇಲೆ ಇಟ್ಟಿಗೆ ಬಣ್ಣದ ಲೇಪವಾಗಿ ಕೂರುತ್ತದೆ. ಲೇಪದ ಮೂಲಕ ಕಿಡಿ ಸೋರಿಹೋಗಿ ಮಿಸ್‌ಫೈರ್ ಶುರುವಾಗುತ್ತದೆ.

ತಪ್ಪಿ ಕಡಿಮೆ ಗ್ರೇಡ್ ಹಾಕಿದ್ದರೆ, ಸದ್ದು ಬಂದರೆ

ಟ್ಯಾಂಕ್ ಬಿಚ್ಚಿ ಖಾಲಿ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಅರ್ಧಕ್ಕಿಂತ ಹೆಚ್ಚು ಆಕ್ಸಿಲರೇಟರ್ ಒತ್ತದೆ, ಗೇರ್ ಬೇಗ ಇಳಿಸುತ್ತಾ ಓಡಿಸಿ, ಕಾಲು ಟ್ಯಾಂಕ್ ಖಾಲಿಯಾದ ಕೂಡಲೇ ಮೇಲಿನ ಗ್ರೇಡ್ ತುಂಬಿಸಿ. ನಾಕ್ ಸೆನ್ಸರ್ ಇಲ್ಲದ ಹಳೆಯ ಕಾರ್ಬ್ಯುರೇಟರ್ ಕಾರಿನಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು, ಅಲ್ಲಿ ಕಿಡಿಯನ್ನು ಹಿಂದಕ್ಕೆ ಎಳೆಯಲು ಯಾರೂ ಇಲ್ಲ.

ನಾಕ್ ಸದ್ದು ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಕುಲುಕಿದ ಹಾಗೆ, ಲೋಡ್ ಬಿದ್ದಾಗ ಮಾತ್ರ ಬರುತ್ತದೆ, ಕಾಲು ಎತ್ತಿದ ತಕ್ಷಣ ನಿಲ್ಲುತ್ತದೆ. ಐಡಲ್‌ನಲ್ಲೂ ಟಿಕ್ ಟಿಕ್ ಎನ್ನುತ್ತಿದ್ದರೆ ಅದು ಇಂಜೆಕ್ಟರ್, ಟ್ಯಾಪೆಟ್ ಅಥವಾ ಸಡಿಲವಾದ ಹೀಟ್ ಶೀಲ್ಡ್. ಸರಿಯಾದ ಗ್ರೇಡ್ ಹಾಕಿಯೂ ನಾಕ್ ನಿಲ್ಲದಿದ್ದರೆ ಮೇಲಿನ ಗ್ರೇಡಿಗೆ ಜಿಗಿಯುವ ಮೊದಲು ಕೂಲಂಟ್ ಮಟ್ಟ, ಕಟ್ಟಿಕೊಂಡ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವುದು), ಪಿಸ್ಟನ್ ತಲೆಯ ಮೇಲಿನ ಕಾರ್ಬನ್, ಇನ್‌ಟೇಕ್‌ಗೆ ಸೇರುತ್ತಿರುವ ಆಯಿಲ್ ಇವನ್ನು ನೋಡಿಸಿ. ಪ್ಲಗ್ ಬದಲಿಸಿದ ನಂತರವೇ ಶುರುವಾಗಿದ್ದರೆ ಹೊಸ ಪ್ಲಗ್‌ನ ಹೀಟ್ ರೇಂಜ್ (ಅದು ಎಷ್ಟು ಬೇಗ ಬಿಸಿಯನ್ನು ಬಿಟ್ಟುಕೊಡುತ್ತದೆ ಎಂಬುದರ) ಸಂಖ್ಯೆಯನ್ನು ಮ್ಯಾನ್ಯುಯಲ್‌ನಲ್ಲಿರುವುದಕ್ಕೆ ಹೋಲಿಸಿ: ಒಂದು ಹೆಜ್ಜೆ ಬಿಸಿಯ ಪ್ಲಗ್ ಬಿದ್ದಿದ್ದರೆ ಯಾವ ಪೆಟ್ರೋಲೂ ಅದನ್ನು ಸರಿಮಾಡದು.