ಪರಿಕುಟಿನ್ ಅಥವಾ ಫ್ಯೂಜಿ: ಶಂಕುವಿನಾಕಾರದ ಬೆಟ್ಟದ ಹುಟ್ಟನ್ನು ವಿವರಿಸಲು ಯಾವುದು ಮೇಲು?

ಜ್ವಾಲಾಮುಖಿಗೆ ಶಂಕುವಿನ ಆಕಾರ ಹೇಗೆ ಬರುತ್ತದೆ ಎಂಬುದನ್ನು ಒಂದೇ ಉದಾಹರಣೆಯಿಂದ ವಿವರಿಸಬೇಕಾದ ಶಿಕ್ಷಕರು, ಜಪಾನಿನ ಪ್ರಸಿದ್ಧ ಫ್ಯೂಜಿಗಿಂತ ಮೆಕ್ಸಿಕೋದ ಪರಿಕುಟಿನ್ ಅನ್ನು ಆರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಪರಿಕುಟಿನ್ ಹುಟ್ಟಿದ್ದನ್ನು ಜನರು ಕಣ್ಣಾರೆ ಕಂಡಿದ್ದಾರೆ. 1943ರ ಫೆಬ್ರವರಿ 20ರಂದು ಡಿಯೊನಿಸಿಯೊ ಪುಲಿಡೊ ಎಂಬ ರೈತರ ಮೆಕ್ಕೆಜೋಳದ ಹೊಲದಲ್ಲಿ ನೆಲ ಬಿರಿದು ಹೊಗೆ, ಬೂದಿ ಹೊರಬಂದವು. ವರ್ಷ ತುಂಬುವಷ್ಟರಲ್ಲಿ ಅಲ್ಲಿ 300 ಮೀಟರಿಗೂ ಎತ್ತರದ ಗುಡ್ಡ ನಿಂತಿತ್ತು. ಅನಿಲ ತುಂಬಿದ ಲಾವಾ ಮೇಲಕ್ಕೆ ಚಿಮ್ಮಿ, ಚೂರುಚೂರಾಗಿ ತಣಿದು, ಬಾಯಿಯ ಸುತ್ತಲೇ ಬಿದ್ದು ರಾಶಿಯಾದದ್ದೇ ಆ ಗುಡ್ಡ. ಕಣದಲ್ಲಿ ರಾಗಿಯನ್ನು ಮೊರದಿಂದ ಸುರಿಯುತ್ತಾ ಹೋದರೆ ರಾಶಿ ಒಂದು ಹಂತದವರೆಗೆ ಕಡಿದಾಗಿ, ಆಮೇಲೆ ಕಾಳು ಜಾರಿ ಅದೇ ಇಳಿಜಾರನ್ನು ಉಳಿಸಿಕೊಳ್ಳುವುದನ್ನು ನೋಡಿದ ಮಕ್ಕಳಿಗೆ, ಇಂಥ ಗುಡ್ಡಗಳ ಇಳಿಜಾರು ಸುಮಾರು 30ರಿಂದ 35 ಡಿಗ್ರಿಯಲ್ಲಿ ಏಕೆ ನಿಲ್ಲುತ್ತದೆ ಎಂಬುದು ತಾನಾಗಿಯೇ ಹೊಳೆಯುತ್ತದೆ.

3,776 ಮೀಟರ್ ಎತ್ತರದ ಫ್ಯೂಜಿಯ ಕಥೆ ಇಷ್ಟು ಸರಳವಲ್ಲ. ಹಳೆಯ ಜ್ವಾಲಾಮುಖಿಗಳ ಮೇಲೆಯೇ ಬೆಳೆದಿರುವ ಅದರಲ್ಲಿ ಲಾವಾ ಮತ್ತು ಬೂದಿ ಸಾವಿರಾರು ವರ್ಷ ಪದರಪದರವಾಗಿ ಕೂಡಿವೆ. ಲಾವಾ ಪದರಗಳು ಸಡಿಲ ಬೂದಿಯನ್ನು ಹಿಡಿದಿಟ್ಟುಕೊಂಡಿರುವುದರಿಂದಲೇ ಅದು ಅಷ್ಟು ಎತ್ತರಕ್ಕೆ ಏರಲು ಸಾಧ್ಯವಾಯಿತು. ತುದಿಯಲ್ಲಿ ಕಡಿದಾಗಿ, ಬುಡದತ್ತ ನಿಧಾನವಾಗಿ ಹರಡಿಕೊಳ್ಳುವ ಅದರ ಚೆಲುವಾದ ಬಾಗು ರಾಗಿರಾಶಿಯ ನೇರ ಇಳಿಜಾರಿನಂತಿಲ್ಲ. ಪದವಿಪೂರ್ವ ತರಗತಿಯವರಿಗಾದರೆ ಫ್ಯೂಜಿಯನ್ನೇ ಮುಂದಿಡಬಹುದು.

ಇನ್ನೊಂದು ವ್ಯತ್ಯಾಸವೂ ಉಂಟು: ಫ್ಯೂಜಿ 1707ರಲ್ಲಿ ಕೊನೆಯ ಬಾರಿ ಸ್ಫೋಟಿಸಿದರೂ ಇಂದಿಗೂ ಸಕ್ರಿಯವೆಂದೇ ಎಣಿಸಲ್ಪಡುತ್ತದೆ, ಪರಿಕುಟಿನ್ ಮಾತ್ರ 1952ರಲ್ಲಿಯೇ ತಣ್ಣಗಾಯಿತು.